ನೀರು ಕುಡಿ ಅಂದರೆ ಸಾಕೇ?

ಕಳೆದ ಬೇಸಿಗೆಯಲ್ಲಿ ನಮ್ಮ ಯುವಜನರ ಸಭೆಗೆ ನಾವು ಒಂದು ಚಾರ್ಟ್ ಬರೆದುಕೊಂಡು ಹೋಗಿದ್ದೆವು. ಮೇಲೆ ದೊಡ್ಡ ಅಕ್ಷರದಲ್ಲಿ ‘ದಿನವೂ ಬರೀ ನೀರು ಕುಡಿಯೋಣ’ ಎಂದಿತ್ತು. ಕೆಳಗೆ ಕಿಡ್ನಿಯ ಚಿತ್ರ, ನೀಲಿ ಸ್ಕೆಚ್ ಪೆನ್ನಿನಲ್ಲಿ ಒಂದಷ್ಟು ಹನಿಗಳು. ಸಂಘದಲ್ಲಿ ಬಿ.ಎಸ್ಸಿ. ಓದಿದವರಿದ್ದರೆ ಇಂಥ ಕೆಲಸ ತಾನಾಗಿ ಅವರ ತಲೆಗೇ ಬೀಳುತ್ತದೆ. ಇಪ್ಪತ್ತು ನಿಮಿಷ ಮಾತಾಡಿದೆವು, ಎಲ್ಲರೂ ತಲೆಯಾಡಿಸಿದರು. ಕೊನೆಗೆ ಏನಾದರೂ ಕೇಳುವುದಿದೆಯಾ ಎಂದಾಗ ಹಿಂದಿನ ಬೆಂಚಿನಿಂದ ಒಬ್ಬ ತಂಗಿ ಎದ್ದಳು. ಹತ್ತೊಂಬತ್ತು ವಯಸ್ಸು, ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಚೆಕ್ಕಿಂಗ್ ಕೆಲಸ, ಮನೆಯವರು ಕೊಳ್ಳೇಗಾಲದ ಕಡೆಯಿಂದ ಬಂದವರು.

“ಕುಡುದ್ರೆ ಎದ್ದೋಗ್ಬೇಕಾಯ್ತದಲ್ಲಕ್ಕ, ಯಾರು ಬುಡ್ತಾರೆ?” ಎಂದಳು.

ಹುಡುಗರು ನಕ್ಕರು. ಅವಳ ಪಕ್ಕ ಕೂತಿದ್ದ ಮೂವರು ಹುಡುಗಿಯರು ನಗಲಿಲ್ಲ. ಆಮೇಲೆ ಕೇಳಿದಾಗ ಗೊತ್ತಾಯಿತು, ಆರು ತಿಂಗಳಲ್ಲಿ ಅವಳಿಗೆ ಎರಡು ಸಲ ಉರಿಮೂತ್ರ ಬಂದಿತ್ತು. ಡಾಕ್ಟರು ಎರಡು ಸಲವೂ ಮಾತ್ರೆ ಬರೆದು, “ನೀರು ಜಾಸ್ತಿ ಕುಡಿಯಮ್ಮ” ಎಂದು ಕಳಿಸಿದ್ದರು. ನಾವೂ ಚಾರ್ಟ್ ಹಿಡಿದು ಅದನ್ನೇ ಹೇಳಿದ್ದೆವು. ಅವಳ ಪ್ರಶ್ನೆಗೆ ನಮ್ಮ ಚಾರ್ಟಿನಲ್ಲಿ ಉತ್ತರವಿರಲಿಲ್ಲ. ಅದಕ್ಕೇ ಈ ಬರಹ.

ಮೊದಲು ಚಾರ್ಟಿನಲ್ಲಿದ್ದದ್ದನ್ನು ಹೇಳಿಬಿಡುತ್ತೇವೆ, ಅದೇನೂ ಸುಳ್ಳಲ್ಲ. ದೊಡ್ಡವರ ದೇಹದ ತೂಕದಲ್ಲಿ ಸುಮಾರು 60 ಭಾಗ ನೀರೇ. ನಮ್ಮ ಎರಡು ಕಿಡ್ನಿಗಳು ಒಂದು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅಂದರೆ 20 ಲೀಟರಿನ ಒಂಬತ್ತು ಕ್ಯಾನು. ಅದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ವಾಪಸ್ಸು ರಕ್ತಕ್ಕೆ ಎಳೆದುಕೊಂಡು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಡುತ್ತವೆ. ಹೊರಗೆ ಹೋಗಲೇಬೇಕಾದ ಯೂರಿಯಾ, ಲವಣ ಎಲ್ಲ ಆ ಒಂದೂವರೆ ಲೀಟರಿನಲ್ಲಿ ಕರಗಿರುತ್ತದೆ. ನಾವು ಕಡಿಮೆ ಕುಡಿದರೆ ಕಿಡ್ನಿ ಅಷ್ಟೇ ಕಸವನ್ನು ಇನ್ನೂ ಕಡಿಮೆ ನೀರಿನಲ್ಲಿ ಕರಗಿಸಬೇಕು. ಆಗ ಮೂತ್ರ ಗಾಢ ಹಳದಿಯಾಗುತ್ತದೆ. ಸಕ್ಕರೆ ಪಾಕ ಗಟ್ಟಿಯಾದಂತೆ ತಳದಲ್ಲಿ ಹರಳು ಕಟ್ಟುವುದನ್ನು ಅಡುಗೆಮನೆಯಲ್ಲಿ ನೋಡಿರುತ್ತೀರಿ. ಕಿಡ್ನಿಯಲ್ಲಿ ಕಲ್ಲು ಕಟ್ಟುವುದೂ ಹೆಚ್ಚುಕಡಿಮೆ ಹಾಗೆಯೇ.

ಇದಕ್ಕೆ ಗಟ್ಟಿ ಪುರಾವೆಯಿದೆ. ಇಟಲಿಯಲ್ಲಿ ಮೊದಲ ಸಲ ಕಲ್ಲು ಬಂದಿದ್ದ 199 ಜನರನ್ನು ಐದು ವರ್ಷ ಗಮನಿಸಿ ವೈದ್ಯರು 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ದಿನಕ್ಕೆ ಎರಡು ಲೀಟರಿಗೂ ಹೆಚ್ಚು ಮೂತ್ರ ಹೋಗುವಷ್ಟು ನೀರು ಕುಡಿಯಲು ಹೇಳಿದ್ದರು, ಇನ್ನೊಂದು ಗುಂಪಿಗೆ ಏನೂ ಹೇಳಿರಲಿಲ್ಲ. ಐದು ವರ್ಷದಲ್ಲಿ ನೀರು ಕುಡಿದ 99 ಜನರಲ್ಲಿ 12 ಮಂದಿಗೆ ಮತ್ತೆ ಕಲ್ಲು ಬಂತು, ಉಳಿದ 100ರಲ್ಲಿ 27 ಮಂದಿಗೆ ಬಂತು. ಔಷಧಿಯಿಲ್ಲ, ಖರ್ಚಿಲ್ಲ, ನೀರಷ್ಟೇ.

ಉರಿಮೂತ್ರದ ವಿಷಯಕ್ಕೂ ಅಂಥದ್ದೇ ಒಂದು ಪರೀಕ್ಷೆಯಿದೆ, 2018ರಲ್ಲಿ ಪ್ರಕಟವಾದದ್ದು. ಪದೇ ಪದೇ ಈ ಸೋಂಕು ಬರುತ್ತಿದ್ದ, ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ಕುಡಿಯುತ್ತಿದ್ದ 140 ಹೆಂಗಸರನ್ನು ಆರಿಸಿ, ಅರ್ಧ ಜನಕ್ಕೆ ದಿನವೂ ಒಂದೂವರೆ ಲೀಟರ್ ಹೆಚ್ಚಿಗೆ ನೀರು ಕುಡಿಸಿದರು. ಒಂದು ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕು ಬಂತು, ಹಾಗೆ ಕುಡಿಯದವರಿಗೆ 3.2 ಸಲ. ಹೆಚ್ಚುಕಡಿಮೆ ಅರ್ಧ. ಮೂತ್ರಚೀಲದಲ್ಲಿ ಸೇರಿದ ಬ್ಯಾಕ್ಟೀರಿಯಾ ಬೆಳೆದು ಬೇರೂರುವ ಮೊದಲೇ ಆಗಾಗ ಹರಿದು ಹೊರಗೆ ಹೋಗಬೇಕು, ಲೆಕ್ಕ ಅಷ್ಟೇ. ಗಮನಿಸಿ, ಕೆಲಸ ಮಾಡುವುದು ಕುಡಿಯುವುದು ಮಾತ್ರವಲ್ಲ, ಹೊರಗೆ ಹೋಗುವುದು ಕೂಡ.

ಇನ್ನು ನೀರಿನ ಹೆಸರಿನಲ್ಲಿ ವಾಟ್ಸಾಪಿನಲ್ಲಿ ಓಡಾಡುವ ಮಾತುಗಳಿಗೆ ನಮ್ಮ ಸಹಿಯಿಲ್ಲ. ಬೆಳಿಗ್ಗೆ ಎದ್ದು ನಾಲ್ಕು ಗ್ಲಾಸ್ ಕುಡಿದರೆ ಸಕ್ಕರೆ ಕಾಯಿಲೆ ಹೋಗುತ್ತದೆ, ಬಿಸಿನೀರು ಕೊಬ್ಬು ಕರಗಿಸುತ್ತದೆ, ಮುಖ ಬೆಳ್ಳಗಾಗುತ್ತದೆ ಎಂದು ನಮ್ಮ ಸಂಘದ ಗುಂಪಿನಲ್ಲೇ ಬಂದಿದೆ. ಫಾರ್ವರ್ಡ್ ಮಾಡಿದವರು ಯಾರೆಂದು ಇಲ್ಲಿ ಬರೆಯುವುದಿಲ್ಲ! ನೀರು ಔಷಧಿಯಲ್ಲ. ಎಂಟು ಗ್ಲಾಸಿನ ಲೆಕ್ಕಕ್ಕೂ ಒಂದು ಕಥೆಯಿದೆ. 1945ರಲ್ಲಿ ಅಮೆರಿಕದ ಆಹಾರ ಮಂಡಳಿಯೊಂದು ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಬೇಕೆಂದು ಹೇಳಿ, ಅದರಲ್ಲಿ ಬಹುಪಾಲು ತಿನ್ನುವ ಆಹಾರದಲ್ಲೇ ಇದೆ ಎಂದೂ ಬರೆದಿತ್ತು. ಎಂಟು ಗ್ಲಾಸಿನ ನಿಯಮ ಆ ಎರಡನೇ ಮಾತನ್ನು ಬಿಟ್ಟು ಮೊದಲನೆಯದನ್ನು ಹಿಡಿದುಕೊಂಡದ್ದರಿಂದ ಹುಟ್ಟಿರಬೇಕು ಎನ್ನುವವರಿದ್ದಾರೆ. ಹಾಗೆಂದು ಅದು ಕೆಟ್ಟ ಲೆಕ್ಕವೂ ಅಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಕೂಡ ಆರೋಗ್ಯವಂತರಿಗೆ ದಿನಕ್ಕೆ ಸುಮಾರು ಎರಡು ಲೀಟರ್ ಎಂದೇ ಹೇಳಿದೆ. ಶೀಟಿನ ಕೆಳಗೆ, ಐರನ್ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಬೆವರುವವರಿಗೆ ಅದು ಸಾಲದು. ಕಿಡ್ನಿ, ಹೃದಯದ ತೊಂದರೆಯಿಂದ ಡಾಕ್ಟರು ನೀರಿಗೆ ಮಿತಿ ಹಾಕಿದವರಿಗೆ ಅದು ಹೆಚ್ಚಾಯಿತು. ಉಳಿದವರು ಗ್ಲಾಸು ಎಣಿಸುವುದಕ್ಕಿಂತ ಮೂತ್ರದ ಬಣ್ಣ ನೋಡಿಕೊಳ್ಳುವುದು ಮೇಲು. ತಿಳಿ ಹಳದಿಯಿದ್ದರೆ ಸರಿ, ಟೀ ಬಣ್ಣಕ್ಕೆ ತಿರುಗಿದರೆ ಕುಡಿದದ್ದು ಸಾಲದು.

ಯಾವ ನೀರು ಎಂಬ ಪ್ರಶ್ನೆ ನಮ್ಮ ಊರುಗಳಲ್ಲಿ ಬೇರೆಯೇ ಇದೆ. ಕೊಯಮತ್ತೂರಿನಲ್ಲಿ ಬೆಳೆದವರಿಗೆ ಸಿರುವಾಣಿ ಎಂದರೆ ಒಂದು ಜಂಬ. ಜಗತ್ತಿನಲ್ಲೇ ಎರಡನೇ ಸಿಹಿನೀರು ಎಂದು ಚಿಕ್ಕಂದಿನಿಂದ ಕೇಳಿಕೊಂಡೇ ಬಂದಿದ್ದೇವೆ. ಯಾರು ಕುಡಿದು ನೋಡಿ ನಂಬರು ಕೊಟ್ಟರೋ, ಮೊದಲನೆಯದು ಯಾವ ಊರಿನದೋ ಯಾರೂ ಹೇಳುವುದಿಲ್ಲ. ಆದರೂ ನೀರು ರುಚಿಯೆಂಬುದು ನಿಜ. ಅಣೆಕಟ್ಟು ಇರುವುದು ಕೇರಳದ ಪಾಲಕ್ಕಾಡ್ ಜಿಲ್ಲೆಯ ಕಾಡಿನಲ್ಲಿ, 1984ರಲ್ಲಿ ಮುಗಿದದ್ದು, ನೀರು ಬರುವುದು ನಮಗೆ. ಅದೇ ವೆಳ್ಳಿಯಂಗಿರಿ ಬೆಟ್ಟಗಳ ಸಾಲಿನಲ್ಲಿ ಹುಟ್ಟುವ ನೊಯ್ಯಲ್ ನದಿಯ ಕಥೆ ಮಾತ್ರ ತಿರುಪ್ಪೂರಿನವರಿಗೆ ಗೊತ್ತು. ಡೈಯಿಂಗ್ ನೀರು ಸೇರಿ ಸೇರಿ, 1992ರಲ್ಲಿ ಮುಗಿದ ಒರತ್ತುಪಾಳಯಂ ಅಣೆಕಟ್ಟು ಹೊಲಕ್ಕೆ ನೀರು ಕೊಡುವ ಬದಲು ಬಣ್ಣದ ನೀರಿನ ತೊಟ್ಟಿಯಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ನೂರಾರು ಡೈಯಿಂಗ್ ಘಟಕಗಳನ್ನು ಮುಚ್ಚಿಸಿದಾಗ ನಾವು ಶಾಲೆಯಲ್ಲಿದ್ದೆವು. ನಮ್ಮಲ್ಲಿ ಕೆಲವರ ಅಪ್ಪಂದಿರು ಆಗ ತಿಂಗಳುಗಟ್ಟಲೆ ಮನೆಯಲ್ಲೇ ಕೂತಿದ್ದರು. ನದಿ ಕೆಟ್ಟದ್ದೂ ನಮ್ಮ ಮನೆಯ ನೋವು, ಕೆಲಸ ನಿಂತದ್ದೂ ನಮ್ಮ ಮನೆಯ ನೋವು.

ಈಗ ತಿರುಪ್ಪೂರಿಗೆ ಮೇಟ್ಟುಪಾಳಯಂ, ಭವಾನಿ ಕಡೆಯಿಂದ ನದಿ ನೀರು ಪೈಪಿನಲ್ಲಿ ಬರುತ್ತದೆ, ದಿನ ಬಿಟ್ಟು ದಿನವೋ, ಇನ್ನೂ ತಡವಾಗಿಯೋ. ಬೋರಿನ ನೀರು ಬಾಯಿಗಿಟ್ಟರೆ ಉಪ್ಪುಪ್ಪು, ಆದ್ದರಿಂದ ಬಾಡಿಗೆ ಮನೆಗಳಲ್ಲಿ ಕ್ಯಾನ್ ನೀರೇ ಗತಿ. ಒಂದು ತಪ್ಪು ತಿಳಿವಳಿಕೆ ಇಲ್ಲಿ ಬಹಳ ಹಬ್ಬಿದೆ. ಕ್ಯಾನ್ ಮಾರುವವರು ಟಿಡಿಎಸ್ ಮೀಟರ್ ಅದ್ದಿ, “ನೋಡಿ, ಐವತ್ತು!” ಎಂದು ತೋರಿಸುತ್ತಾರೆ. ಆ ಮೀಟರ್ ಅಳೆಯುವುದು ಕರಗಿದ ಲವಣವನ್ನು ಮಾತ್ರ. ನಮ್ಮ ದೇಶದ ಮಾನದಂಡದಲ್ಲಿ ಲೀಟರಿಗೆ 500 ಮಿಲಿಗ್ರಾಂ ತನಕ ಒಪ್ಪಿಗೆ, ಬೇರೆ ನೀರೇ ಇಲ್ಲದಿದ್ದರೆ 2000ದ ತನಕ. ರೋಗಾಣು ಇದೆಯೋ ಇಲ್ಲವೋ ಎಂದು ಆ ಮೀಟರಿಗೆ ಗೊತ್ತೇ ಆಗುವುದಿಲ್ಲ. ಕಾಲರಾ ಇರುವ ನೀರೂ ಐವತ್ತು ತೋರಿಸಬಹುದು. ಕುದಿಸಿದರೆ ಉಲ್ಟಾ, ರೋಗಾಣು ಸಾಯುತ್ತದೆ, ಉಪ್ಪು ಹಾಗೇ ಉಳಿಯುತ್ತದೆ. ನಲ್ಲಿಯಲ್ಲಿ ನದಿ ನೀರು ಬರುವ ಮನೆಯವರು ಅದನ್ನೇ ಕುದಿಸಿ ಆರಿಸಿ ಕುಡಿಯುವುದು ನಮ್ಮ ಮಟ್ಟಿಗೆ ಕ್ಯಾನಿಗಿಂತ ಮೇಲು, ದುಡ್ಡೂ ಉಳಿಯುತ್ತದೆ. ಕ್ಯಾನೇ ಗತಿಯೆನ್ನುವವರು ಕ್ಯಾನಿನ ಬಾಯಿಯನ್ನೂ ಪಂಪನ್ನೂ ಎಂದಾದರೂ ತೊಳೆದಿದ್ದೇವಾ ಎಂದು ಒಮ್ಮೆ ಯೋಚಿಸಿ ನೋಡಿ.

ಟೀ, ಕಲರ್, ಜ್ಯೂಸು ಕೂಡ ನೀರೇ ಅಲ್ವಾ ಎಂದು ಹುಡುಗರು ಕೇಳುತ್ತಾರೆ. ನಿಜ, ಅವುಗಳಲ್ಲಿರುವ ನೀರೂ ಲೆಕ್ಕಕ್ಕೆ ಸೇರುತ್ತದೆ. ಆದರೆ ಹನ್ನೊಂದು ಗಂಟೆಗೆ ಒಂದು ಟೀ ಬನ್ನು, ನಾಲ್ಕಕ್ಕೆ ಇನ್ನೊಂದು ಟೀ, ರಾತ್ರಿ ಬಿರಿಯಾನಿಯ ಜೊತೆಗೊಂದು ಕಲರ್ ಎಂದರೆ ನೀರಿಗಿಂತ ಮೊದಲು ಸಕ್ಕರೆಯನ್ನು ಲೆಕ್ಕ ಹಾಕಬೇಕಾಗುತ್ತದೆ. ಇದನ್ನು ಇಷ್ಟಕ್ಕೇ ಬಿಡುತ್ತೇವೆ. ತಿಳಿಯದೆ ಯಾರೂ ಕಲರ್ ಕುಡಿಯುತ್ತಿಲ್ಲ.

ಈಗ ತಂಗಿಯ ಪ್ರಶ್ನೆಗೆ ಬರೋಣ.

ಬೆಳಿಗ್ಗೆ ಎಂಟೂವರೆಗೆ ಒಳಗೆ ಹೋದರೆ, ಒಂದೂವರೆ ಶಿಫ್ಟ್ ಇರುವ ದಿನ ಹೊರಗೆ ಬರುವುದು ರಾತ್ರಿ ಎಂಟರ ಮೇಲೆ. ಅವಳ ಫ್ಲೋರಿನಲ್ಲಿ ನೂರಕ್ಕೂ ಹೆಚ್ಚು ಹೆಂಗಸರಿದ್ದಾರಂತೆ, ಶೌಚಾಲಯ ಇರುವುದು ಕೆಳಗಿನ ಮಹಡಿಯ ಮೂಲೆಯಲ್ಲಿ. ನಾಲ್ಕು ಬಾಗಿಲು, ಅದರಲ್ಲಿ ಒಂದಕ್ಕೆ ಚಿಲಕವಿಲ್ಲ. ಎದ್ದು ಹೋಗಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸೂಪರ್‌ವೈಸರ್ ಗಡಿಯಾರ ನೋಡುತ್ತಾನೆ, ಅಷ್ಟೆ. ಪೀಸ್ ರೇಟಿನವರಿಗೆ ಅದೂ ಬೇಕಾಗಿಲ್ಲ. ಹತ್ತು ನಿಮಿಷ ಎದ್ದರೆ ಎಷ್ಟು ಪೀಸ್ ಹೋಯಿತು ಎಂದು ಅವರ ಕೈಗೇ ಗೊತ್ತು. ಮುಟ್ಟಿನ ದಿನಗಳ ಮಾತು ಬೇರೆ ಹೇಳಬೇಕಾಗಿಲ್ಲ. ಹೀಗಾಗಿ ಹುಡುಗಿಯರು ತಾವೇ ಒಂದು ಉಪಾಯ ಕಂಡುಕೊಂಡಿದ್ದಾರೆ. ಬೆಳಿಗ್ಗೆ ಒಂದು ಲೋಟ, ಮಧ್ಯಾಹ್ನ ಊಟಕ್ಕೆ ಅರ್ಧ ಲೋಟ, ಮತ್ತೆ ನೀರು ಮುಟ್ಟುವುದು ಮನೆಗೆ ಬಂದ ಮೇಲೆ. ಅಮ್ಮ ತುಂಬಿಸಿ ಕೊಟ್ಟ ಬಾಟಲಿ ತುಂಬಿದ ಹಾಗೇ ವಾಪಸ್ಸು ಬರುತ್ತದೆ. ಅಮ್ಮ ಬೈಯುತ್ತಾಳೆ, “ನೀರು ಕುಡಿಯಕ್ಕೂ ಸೋಂಬೇರಿತನವಾ?” ಎಂದು.

ಸೋಂಬೇರಿತನವಲ್ಲ, ಲೆಕ್ಕಾಚಾರ. ನಾವು ಹೇಳಬೇಕೆಂದಿರುವುದು ಇದೊಂದನ್ನೇ. ನಮ್ಮ ನಡುವೆ ನೀರು ಕುಡಿಯದವರಲ್ಲಿ ಹೆಚ್ಚಿನವರಿಗೆ ನೀರಿನ ಮಹಿಮೆ ಗೊತ್ತಿಲ್ಲ ಎಂದಲ್ಲ. ಕುಡಿದ ಮೇಲೆ ಹೋಗಲು ಜಾಗವಿಲ್ಲ, ಇಲ್ಲವೇ ಹೋಗಲು ಬಿಡುವವರಿಲ್ಲ. ಅವರ ಮುಂದೆ ಚಾರ್ಟ್ ಹಿಡಿದು ನಿಲ್ಲುವುದು, ಹಸಿದವರ ಮುಂದೆ ಊಟದ ಮಹತ್ವದ ಬಗ್ಗೆ ಭಾಷಣ ಮಾಡಿದ ಹಾಗೆ.

ಇದು ಹೊಸ ಮಾತೇನಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಕುಡಿಯುವ ನೀರಿಗೆ ಒಂದು ಕಲಂ ಇತ್ತು, ಶೌಚಾಲಯಕ್ಕೆ ಅದರ ಮುಂದಿನದೇ ಇನ್ನೊಂದು. ಎರಡನ್ನೂ ಪಕ್ಕಪಕ್ಕದಲ್ಲಿ ಬರೆದವರಿಗೆ ಮನುಷ್ಯರ ದೇಹದ ತಿಳಿವಳಿಕೆ ಇತ್ತೆಂದೇ ನಮಗೆ ಅನ್ನಿಸುತ್ತದೆ. ನೀರಿಡುವ ಜಾಗದಲ್ಲಿ ‘ಕುಡಿಯುವ ನೀರು’ ಎಂದು ಕೆಲಸಗಾರರಲ್ಲಿ ಹೆಚ್ಚಿನವರಿಗೆ ತಿಳಿಯುವ ಭಾಷೆಯಲ್ಲಿ ಬರೆದಿರಬೇಕು, 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಬೇಸಿಗೆಯಲ್ಲಿ ತಣ್ಣನೆಯ ನೀರು ಕೊಡಬೇಕು ಎಂದೂ ಅದರಲ್ಲಿತ್ತು. ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರುವವರಿಗಾಗಿ 2021ರಲ್ಲಿ ತಮಿಳುನಾಡು ಒಂದು ತಿದ್ದುಪಡಿ ತಂದು, ಕೂರಲು ಜಾಗ ಕೊಡಲೇಬೇಕು ಎಂದಿತು. ಜವಳಿ ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮ ಅಕ್ಕಂದಿರು ಮೊದಲು ನಕ್ಕು, ಆಮೇಲೆ ಸ್ಟೂಲು ಬಂದ ಮೇಲೆ ನಂಬಿದರು. ಕೂರುವುದನ್ನೇ ಕೇಳಿ ಪಡೆಯಬಹುದಾದರೆ ಬಾಗಿಲಿಗೆ ಒಂದು ಚಿಲಕವನ್ನೂ ಕೇಳಬಹುದು.

ಕಂಪನಿಗೆ ಸೇರುವ ಮೊದಲೇ ಈ ಅಭ್ಯಾಸ ಶಾಲೆಯಲ್ಲಿ ಶುರುವಾಗಿರುತ್ತದೆ. 2019ರಲ್ಲಿ ಕೇರಳದ ಕೆಲವು ಶಾಲೆಗಳು ‘ವಾಟರ್ ಬೆಲ್’ ಎಂದು ಶುರುಮಾಡಿದವು. ಗಂಟೆ ಹೊಡೆದ ಕೂಡಲೇ ಮಕ್ಕಳೆಲ್ಲ ಬಾಟಲಿ ತೆಗೆದು ಕುಡಿಯಬೇಕು. ಅದೇ ವರ್ಷ ಕರ್ನಾಟಕದಲ್ಲೂ ಬಂತು, 2025ರಲ್ಲಿ ತಮಿಳುನಾಡಿನ ಶಾಲೆಗಳಿಗೂ ಬಂತು. ಒಳ್ಳೆಯ ಕೆಲಸ, ನಾವು ಮನಸಾರೆ ಒಪ್ಪುತ್ತೇವೆ. ಆದರೆ ನಮ್ಮ ಧರ್ಮೋಪದೇಶ ತರಗತಿಗೆ ಬರುವ ಹೆಣ್ಣುಮಕ್ಕಳನ್ನು ಕೇಳಿದರೆ, “ಬೆಲ್ ಹೊಡೆದಾಗ ಬಾಟಲಿ ಎತ್ತಿ ತುಟಿಗೆ ತಾಗಿಸ್ತೀವಿ” ಎನ್ನುತ್ತಾರೆ. ಯಾಕೆಂದು ಕೇಳಿದರೆ ಅದೇ ಉತ್ತರ. ಬಾತ್ರೂಮು ವಾಸನೆ, ನೀರಿಲ್ಲ, ಟೀಚರ್ ಬಿಡಲ್ಲ. ಹತ್ತು ವರ್ಷದ ಮಗು ಸಂಜೆ ನಾಲ್ಕರ ತನಕ ತಡೆದುಕೊಳ್ಳುವುದನ್ನು ಕಲಿತರೆ, ಹತ್ತೊಂಬತ್ತಕ್ಕೆ ಅದು ಸಹಜವೇ ಆಗಿಬಿಡುತ್ತದೆ. ತಾಯಂದಿರೇ, ಪೇರೆಂಟ್ಸ್ ಮೀಟಿಂಗಿಗೆ ಹೋದಾಗ ಮಾರ್ಕ್ಸ್ ಕೇಳಿದ ಮೇಲೆ ಒಂದು ಸಲ ಆ ಬಾತ್ರೂಮಿನ ಒಳಗೂ ಹೋಗಿ ನೋಡಿ ಬನ್ನಿ.

ಇಷ್ಟು ಹೇಳಿ ನಮ್ಮನ್ನು ನಾವು ಬಿಟ್ಟುಕೊಂಡರೆ ಸರಿಯಾಗದು. ನಮ್ಮ ಅಜ್ಜಿಯರು ಇಂದಿಗೂ ಭಾನುವಾರ ಬಲಿಪೂಜೆ ಮುಗಿಯುವ ತನಕ ಒಂದು ಹನಿ ನೀರು ಮುಟ್ಟುವುದಿಲ್ಲ. ಪರಮಪ್ರಸಾದಕ್ಕೆ ಮುಂಚೆ ಉಪವಾಸ ಎಂದು ಚಿಕ್ಕಂದಿನಲ್ಲಿ ಕಲಿತದ್ದು. ಆಗ ನಡುರಾತ್ರಿಯಿಂದ ನೀರೂ ಕೂಡದು ಎಂಬ ನಿಯಮವೇ ಇತ್ತು. ಪೋಪ್ ಹನ್ನೆರಡನೇ ಪಯಸ್ 1953ರಲ್ಲೇ ನೀರಿನಿಂದ ಉಪವಾಸ ಮುರಿಯುವುದಿಲ್ಲ ಎಂದು ತಿಳಿಸಿದರು. 1957ರಲ್ಲಿ ಉಪವಾಸವನ್ನು ಮೂರು ಗಂಟೆಗೆ ಇಳಿಸಿದರು, 1964ರಲ್ಲಿ ಪೋಪ್ ಆರನೇ ಪೌಲರು ಒಂದು ಗಂಟೆಗೆ ತಂದರು. ಆ ಒಂದು ಗಂಟೆಯಲ್ಲೂ ನೀರಿಗೆ, ಔಷಧಿಗೆ ತಡೆಯಿಲ್ಲ. ಬಿ.ಪಿ. ಮಾತ್ರೆ ನುಂಗುವ ಅಜ್ಜಿ ಎರಡು ಬಸ್ ಬದಲಿಸಿ, ಬಿಸಿಲಿನಲ್ಲಿ ನಡೆದು ಬಂದು ಬಾಯಿ ಒಣಗಿಸಿಕೊಂಡು ಕೂರಬೇಕಾಗಿಲ್ಲ. ಮೊಮ್ಮಕ್ಕಳು ಹೇಳಿದರೆ ಕೇಳಲಾರರು, ಫಾದರ್ ಪ್ರಬೋಧನೆಯಲ್ಲಿ ಒಂದು ಮಾತು ಹೇಳಿದರೆ ಕೇಳಿಯಾರು. ಫಾದರ್, ಇದನ್ನು ಓದುತ್ತಿದ್ದರೆ ದಯವಿಟ್ಟು.

ಅಜ್ಜಿಯರದು ಉಪವಾಸ ಮಾತ್ರವೇ ಎಂದು ನಮಗೆ ಆಮೇಲೆ ಅನುಮಾನ ಬಂತು. ಒಬ್ಬ ಅಜ್ಜಿಯನ್ನು ಕೇಳಿದೆವು. “ನಿಯಮ ಗೊತ್ತು ಕಣವ್ವ, ಪೂಜೆ ಮಧ್ಯೆ ಎದ್ದು ಎಲ್ಲಿಗೆ ಹೋಗ್ಲಿ? ಅದಕ್ಕೆ ಬೀಗ ಹಾಕೀರಿ” ಎಂದರು. ಹೌದು, ನಮ್ಮ ಚರ್ಚಿನ ಹಿಂದಿನ ಶೌಚಾಲಯಕ್ಕೆ ಭಾನುವಾರವೂ ಬೀಗವೇ. ಹೊರಗಿನವರು ಬಂದು ಗಲೀಜು ಮಾಡುತ್ತಾರೆ ಎಂದು ಹಿಂದೆಂದೋ ಹಾಕಿದ್ದು. ಬೀಗದ ಕೈ ಉಪದೇಶಿಯವರ ಹತ್ತಿರ, ಉಪದೇಶಿಯವರು ಪೀಠದ ಪಕ್ಕದಲ್ಲಿ. ಎರಡು ವರ್ಷದಿಂದ ಯುವಜನ ಸಂಘ ನಡೆಸುತ್ತಿರುವ ನಮಗೆ ಆ ಬೀಗ ಕಣ್ಣಿಗೇ ಬಿದ್ದಿರಲಿಲ್ಲ. ಹುಡುಗರಿಗೆ ಗೋಡೆಯಿದೆ, ನಮ್ಮಲ್ಲಿ ಹುಡುಗಿಯರು ಸಭೆ ಮುಗಿದ ಕೂಡಲೇ ಮನೆಗೆ ಓಡುತ್ತಿದ್ದರು. ಅವರಿಗೆ ಸಂಘದಲ್ಲಿ ಆಸಕ್ತಿಯಿಲ್ಲ ಎಂದು ನಾವು ಮಾತಾಡಿಕೊಂಡಿದ್ದೆವು.

ವೇಳಾಂಗಣಿಗೆ ನಡೆದು ಹೋಗುವವರ ವಿಷಯವೂ ಇದೇ. ಸೆಪ್ಟೆಂಬರ್ 8ರ ಹಬ್ಬಕ್ಕೆ ಮುಟ್ಟಲು ಆಗಸ್ಟಿನಲ್ಲೇ ಹೊರಡುತ್ತಾರೆ. ದಾರಿಯುದ್ದಕ್ಕೂ ಜನ ನೀರಿನ ಪ್ಯಾಕೆಟ್, ಮಜ್ಜಿಗೆ ಕೊಡುತ್ತಾರೆ, ನೀರಿಗೆ ಬರವಿಲ್ಲ. ಗಂಡಸರು ಕುಡಿಯುತ್ತಾರೆ, ಹೆಂಗಸರು ಬಾಯಿ ತೇವ ಮಾಡಿಕೊಂಡು ಪ್ಯಾಕೆಟ್ಟನ್ನು ಮಗನ ಕೈಗೆ ಕೊಡುತ್ತಾರೆ. ತಲೆ ಸುತ್ತಿ ಬಿದ್ದವರನ್ನು ಹರಕೆಯ ಕಷ್ಟ ಎಂದು ಸಮಾಧಾನ ಮಾಡುತ್ತೇವೆ. ಈ ವರ್ಷ ನಮ್ಮ ಗುಂಪು ಹೊರಡುವ ಮೊದಲು, ಯಾವ ಊರಿನಲ್ಲಿ ಊಟ ಎಂದು ಪಟ್ಟಿ ಮಾಡಿದಂತೆ, ಯಾವ ಪೆಟ್ರೋಲ್ ಬಂಕ್, ಯಾವ ಚರ್ಚು, ಯಾವ ಶಾಲೆಯಲ್ಲಿ ಹೆಂಗಸರಿಗೆ ಶೌಚಾಲಯ ತೆರೆದಿರುತ್ತದೆ ಎಂದು ಇನ್ನೊಂದು ಪಟ್ಟಿಯನ್ನೂ ಮಾಡುತ್ತಿದ್ದೇವೆ. ದಾರಿ ಗೊತ್ತಿರುವ ಹಿರಿಯರು ನಮಗೆ ತಿಳಿಸಬೇಕು.

ಕಂಪನಿಗಳ ವಿಷಯದಲ್ಲಿ ನಮ್ಮ ಕೈ ಅಷ್ಟು ಉದ್ದವಿಲ್ಲ, ಒಪ್ಪಿಕೊಳ್ಳುತ್ತೇವೆ. ಹುಡುಗಿಯರ ಹೆಸರು ಹೇಳಿ ದೂರು ಕೊಟ್ಟರೆ ಮರುದಿನ ಅವರಿಗೇ ಕೆಲಸವಿರುವುದಿಲ್ಲ. ಆದರೆ ನಮ್ಮ ಧರ್ಮಕೇಂದ್ರದಲ್ಲೇ ಸೂಪರ್‌ವೈಸರುಗಳಿದ್ದಾರೆ, ಜಾಬ್ ವರ್ಕ್ ಯೂನಿಟ್ ಇಟ್ಟವರಿದ್ದಾರೆ, ಹತ್ತು ಮಿಷನ್ ಹಾಕಿ ಹದಿನೈದು ಜನರಿಗೆ ಕೆಲಸ ಕೊಟ್ಟವರಿದ್ದಾರೆ. ಅಣ್ಣಂದಿರೇ, ನಿಮ್ಮನ್ನೇ ಕೇಳುತ್ತಿದ್ದೇವೆ. ನಿಮ್ಮ ಯೂನಿಟ್ಟಿನಲ್ಲಿ ಹೆಂಗಸರ ಬಾಗಿಲಿಗೆ ಚಿಲಕವಿದೆಯೇ, ಬಕೆಟಿನಲ್ಲಿ ನೀರಿದೆಯೇ, ಅವರು ಎದ್ದಾಗ ನೀವು ಗಡಿಯಾರ ನೋಡುತ್ತೀರಾ? ಇವು ಮೂರೂ ಸರಿಯಾದರೆ ನೀರು ಕುಡಿಯಿರಿ ಎಂದು ನೀವು ಬೋರ್ಡ್ ಹಾಕಬೇಕಾಗಿಯೇ ಇಲ್ಲ. ಉರಿಮೂತ್ರಕ್ಕೆ ಎರಡು ದಿನ ರಜೆ ಹಾಕಿದ ಟೈಲರ್‌ಗಿಂತ ಐದು ನಿಮಿಷ ಎದ್ದು ಹೋದ ಟೈಲರ್ ನಿಮಗೆ ಲಾಭ, ಬೇಕಾದರೆ ನೀವೇ ಲೆಕ್ಕ ಹಾಕಿ ನೋಡಿ.

ಚರ್ಚಿನ ಬೀಗದ ಕೈ ಈಗ ನೋಟೀಸ್ ಬೋರ್ಡಿನ ಪಕ್ಕದ ಮೊಳೆಯಲ್ಲಿ ತೂಗುತ್ತಿದೆ. ಭಾನುವಾರ ತೊಳೆಯುವ ಸರದಿ ನಮ್ಮ ಸಂಘದ್ದು, ಹುಡುಗರದ್ದೂ ಸೇರಿ. ಮೊದಲ ವಾರ ಮುಖ ಸಿಂಡರಿಸಿಕೊಂಡವರು ಈಗ ಸುಮ್ಮನೆ ಮಾಡುತ್ತಾರೆ. ಹಳೆಯ ಚಾರ್ಟ್ ಅಲ್ಲೇ ಗೋಡೆಯಲ್ಲಿದೆ, ಕಿಡ್ನಿಯ ಚಿತ್ರದ ಕೆಳಗೆ ಒಂದು ಬಾಣ ಎಳೆದು ‘ಶೌಚಾಲಯ ಹಿಂದುಗಡೆ’ ಎಂದು ಬರೆದಿದ್ದೇವೆ. ತಂಗಿಯನ್ನು ಹೋದ ವಾರ ಕೇಳಿದೆವು. ಕಂಪನಿಯಲ್ಲಿ ಇನ್ನೂ ಚಿಲಕ ಹಾಕಿಲ್ಲವಂತೆ, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲುವುದೆಂದು ತಾವೇ ಮಾತಾಡಿಕೊಂಡಿದ್ದಾರೆ. ಅವಳ ಬಾಟಲಿ ಈಗ ಅರ್ಧ ಖಾಲಿಯಾಗಿ ಮನೆಗೆ ಬರುತ್ತದೆ.